ರವೆ ಹಚ್ಚದ ಮೃದಂಗ

ಹೆಣ್ಣು ನೋಡಲು ಹೋದ ಮನೆಯಲ್ಲಿ ಸೀದಾ ಹಿತ್ತಿಲಿಗೆ ನಡೆದು ಬಾವಿಯಲ್ಲಿ ನೀರಿದೆಯಾ ಅಂತ ಬಗ್ಗಿ ನೋಡುವ ಹಿರಿಯರಿರುತ್ತಾರಲ್ಲ, ನಮ್ಮ ಭಾವ ಆ ಜಾತಿ. ಮನೆಗೆ ಬಂದರೆ ಕೂರುವ ಮೊದಲು ಸ್ಪೀಕರಿನ ಹಿಂದೆ ಇಣುಕುತ್ತಾರೆ.

"ಏನೋ ಇದು, ಸ್ಪೀಕರಿಗೆ ಕಾಲಿಂಗ್ ಬೆಲ್ ವೈರ್ ಹಾಕಿದೀಯಾ?"

ಬೆಲ್ ವೈರಲ್ಲ. ಮನೆ ಕಟ್ಟಿಸಿದಾಗ ಎಲೆಕ್ಟ್ರಿಷಿಯನ್ ಮಿಗಿಸಿದ 1 ಸ್ಕ್ವೇರ್ ಎಂ.ಎಂ. ತಾಮ್ರದ ವೈರು, ಒಂದು ಕೆಂಪು, ಒಂದು ಕಪ್ಪು. ಹನ್ನೊಂದು ವರ್ಷ ತಕರಾರಿಲ್ಲದೆ ಹಾಡಿತ್ತು. ಆದರೆ ಅಕ್ಕನ ಗಂಡನ ಹತ್ತಿರ ವಾದ ಮಾಡುವುದುಂಟೇ? ಮುಂದಿನ ಶನಿವಾರವೇ ಹೊಸ ಕೇಬಲ್ಲಿಗೆ ಅಂತ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟೆವು.

"ಆಕ್ಸಿಜನ್ ಫ್ರೀ ತಾಮ್ರ ಸರ್," ಅಂದ ಅಂಗಡಿಯವನು. ಫ್ರೀ ಆಗಿದ್ದು ಆಕ್ಸಿಜನ್ ಮಾತ್ರ. ಕೇಬಲ್ಲಿಗೆ 6,800 ರೂಪಾಯಿ. ತುದಿಗೆ ನಾವೇ ಸಿಕ್ಕಿಸಿಕೊಳ್ಳುವ ಚಿನ್ನದ ಲೇಪದ ಪ್ಲಗ್ಗು. ವಿದ್ಯುತ್ ಹರಿಸುವುದರಲ್ಲಿ ಚಿನ್ನ ತಾಮ್ರಕ್ಕಿಂತ ಒಂದು ಕೈ ಕಡಿಮೆಯೇ. ಕಿಲುಬು ಹಿಡಿಯುವುದಿಲ್ಲ ಅನ್ನುವುದಷ್ಟೇ ಅದರ ಹೆಚ್ಚುಗಾರಿಕೆ. ಇದು ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ನನ್ನವಳಿಗೆ ಇದ್ಯಾವುದೂ ಬೇಕಿರಲಿಲ್ಲ. "ನನ್ನ ಬಳೆ ಕೇಳಿದ್ರೆ ಚಿನ್ನದ ರೇಟು ಇಳೀಲಿ ಅಂತೀರಿ," ಅಂದು ಒಳಗೆ ಹೋದಳು.

ಕೇಬಲ್ಲು ಕೇರೆಹಾವಿನ ದಪ್ಪ. ಅದರೊಳಗಿನ ಎರಡು ಎಳೆಗಳಿಗೂ ಒಂದೇ ಬಣ್ಣ; ಯಾವುದು ಪ್ಲಸ್ ಅಂತ ತಿಳಿಯಲು ಒಂದರ ಮೇಲೆ ಕೂದಲೆಳೆಯಂಥ ಗೆರೆ. ಎಲೆಕ್ಟ್ರಿಷಿಯನ್ನನ ಬಿಟ್ಟಿ ವೈರು ಕೆಂಪು, ಕಪ್ಪು ಅಂತ ಕೂಗಿ ಹೇಳುತ್ತಿತ್ತು. ಇದು ಶ್ರೀಮಂತರ ಕೇಬಲ್ಲು, ಪಿಸುಗುಟ್ಟುತ್ತದೆ. ಕನ್ನಡಕ ಟಿವಿ ಮೇಲಿತ್ತು, ನಾನು ಬೀರುವಿನ ಸಂದಿಯಲ್ಲಿದ್ದೆ. ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಸುಲಿಯುವಾಗ ತಾಮ್ರದ ಎಳೆಯೊಂದು ಹೆಬ್ಬೆರಳಿಗೆ ಚುಚ್ಚಿತು. ಬೆರಳು ಬಾಯಲ್ಲಿಟ್ಟುಕೊಂಡು ಉಳಿದೊಂದು ಕೈಯಲ್ಲಿ ಸಿಕ್ಕಿದ ತೂತಿಗೆ ಸಿಕ್ಕಿದ್ದನ್ನು ತುರುಕಿದೆ.

ಒಂದು ಕಛೇರಿ ಹಾಕಿದೆವು. ಭಾವ ಕಣ್ಣು ಮುಚ್ಚಿದರು. "ಆಹಾ! ನೋಡು, ಗಾಯಕರು ಸ್ಪೀಕರಿನಿಂದ ಹೊರಗೆ ಬಂದುಬಿಟ್ರು. ಏನು ವಿಸ್ತಾರ!"

ನಿಜ. ಹಾಡು ಗೋಡೆಯಿಂದ, ಸೂರಿನಿಂದ, ಅಡುಗೆಮನೆಯಿಂದ, ಎಲ್ಲ ಕಡೆಯಿಂದ ಬರುತ್ತಿತ್ತು. ನಾನೂ ತಲೆದೂಗಿದೆ. 6,800 ಕೊಟ್ಟವನಿಗೆ ತಲೆ ತಾನಾಗಿಯೇ ತೂಗುತ್ತದೆ.

ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಮಾತ್ರ ಅಳಿಯನ ಎದುರಿಗೆ ಹೇಳಲೋ ಬೇಡವೋ ಅಂತ ಅನುಮಾನಿಸುತ್ತಲೇ ಕೇಳಿದರು: "ಮೃದಂಗದವ್ನು ಎಡಗಡೆಗೆ ರವೆ ಹಚ್ಚೋದು ಮರೆತಿದ್ದಾನಾ? ಗುಂ ಅನ್ನೋದೇ ಇಲ್ಲ!"

"ಕೇಬಲ್ ಇನ್ನೂ ಹೊಸದು ಅತ್ತೆ, ನೂರು ಗಂಟೆ ಪಳಗಬೇಕು," ಅಂದರು ಭಾವ.

"ದೋಸೆ ಕಾವಲಿ ಪಳಗಿಸ್ತೀವಲ್ಲ, ಹಾಗಾ?"

"ಹಾಗೇ ಅನ್ಕೊಳ್ಳಿ."

ನಾಲ್ಕು ದಿನ ಹಗಲೂ ರಾತ್ರಿ ಪಳಗಿಸಿದೆ. ಕಾವಲಿಯಾಗಿದ್ದರೆ ಇಷ್ಟು ಹೊತ್ತಿಗೆ ದೋಸೆ ತಾನಾಗಿ ಏಳುತ್ತಿತ್ತು. ಮೃದಂಗದ ಎಡಗೈ ಮಾತ್ರ ಏಳಲಿಲ್ಲ.

ಐದನೆಯ ದಿನ ಹಾಸ್ಟೆಲ್ಲಿನಿಂದ ಬಂದ ಮಗ ಮೊಬೈಲ್ ಟಾರ್ಚ್ ಹಿಡಿದು ಸಂದಿಗೆ ತೂರಿದ. "ಅಪ್ಪಾ, ಎಡಗಡೆ ಪ್ಲಸ್ ಮೈನಸ್ ಉಲ್ಟಾ ಮಾಡಿದೀಯಾ." ಒಂದು ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತಂತೆ, ಗುಂ ಅನ್ನುವ ಕೆಳಗಿನ ನಾದವನ್ನೆಲ್ಲ ಎರಡೂ ಸೇರಿ ಪರಸ್ಪರ ಅಳಿಸಿಹಾಕುತ್ತಿದ್ದವು. ಗಾಯಕರು ಊರೆಲ್ಲ ಅಲೆಯುತ್ತಿದ್ದುದೂ ಅದಕ್ಕೇ. ಸರಿಪಡಿಸಿದ ಮರುಕ್ಷಣ ಅವರು ನಡುಮಧ್ಯದಲ್ಲಿ ಬಂದು ಕೂತರು, ಪಕ್ಕದಲ್ಲಿ ಮೃದಂಗ ಗುಂ ಅಂದಿತು. "ಈಗ ರವೆ ಹಚ್ಚಿದ," ಅಂದರು ಅಮ್ಮ.

ಮಗ ಅಲ್ಲಿಗೆ ಬಿಡಲಿಲ್ಲ. ಭಾನುವಾರ ಭಾವನನ್ನೂ ಕರೆಸಿ ಪರೀಕ್ಷೆ ಇಟ್ಟ. ನಮ್ಮಿಬ್ಬರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದ. ಪ್ರತಿ ಸಲ ನಾಣ್ಯ ಚಿಮ್ಮಿ ಹಳೆ ವೈರೋ ಹೊಸ ಕೇಬಲ್ಲೋ ಹಾಕುವುದು, ಅದೇ ಪಲ್ಲವಿ ನುಡಿಸುವುದು. ಹತ್ತು ಸುತ್ತು. ನನಗೆ ಐದು ಸರಿ, ಭಾವನಿಗೆ ನಾಲ್ಕು. ಕೇಳಿಸಿಕೊಳ್ಳದೆಯೇ ಹೇಳಿದ್ದರೂ ಇಷ್ಟೇ ಬರುತ್ತಿತ್ತು ಅಂದ ಮಗ. 3 ಮೀಟರಿಗೆ ಹೋಗಿ ಬರುವ ಹಳೆ ತಾಮ್ರದ ತಡೆ ಸುಮಾರು 0.1 ಓಮ್, ಸ್ಪೀಕರಿನದು 8 ಓಮ್. ಎರಡು ವೈರಿಗೂ ಸದ್ದಿನಲ್ಲಿರುವ ವ್ಯತ್ಯಾಸ ಡೆಸಿಬೆಲ್ಲಿನ ಹತ್ತನೇ ಒಂದು ಪಾಲೂ ಇಲ್ಲ ಅಂತ ಲೆಕ್ಕ ಬರೆದು ತೋರಿಸಿದ.

ಭಾವ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಅದೆಲ್ಲ ಇರಲಿ. ಆವತ್ತಿದ್ದ ವಿಸ್ತಾರ ಇವತ್ತಿಲ್ಲ. ಏನೋ ಮುಟ್ಟಿದೀರಿ ನೀವು." ಉಲ್ಟಾ ಕಥೆಯನ್ನು ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಅಮ್ಮ ಕಣ್ಣಲ್ಲೇ ಬೇಡ ಅಂದರು, ಅಳಿಯ ಅಳಿಯನೇ. "ಕರೆಂಟಿನ ವೈರು ಬದಲಾಯ್ಸು, ಸರಿಹೋಗುತ್ತೆ," ಅಂತ ಹೇಳಿ ಹೋದರು.

ಹೊಸ ಕೇಬಲ್ಲನ್ನು ತೆಗೆದಿಟ್ಟರೆ ನನ್ನವಳ ಬಾಯಿಗೆ ಬೀಳಬೇಕಾಗುತ್ತದೆಂದು ಅದನ್ನೇ ಉಳಿಸಿಕೊಂಡಿದ್ದೇನೆ. ಹಳೆಯದರಲ್ಲಿ ಅಮ್ಮ ಬಾಲ್ಕನಿಯ ಮಲ್ಲಿಗೆ ಬಳ್ಳಿ ಎಳೆದು ಕಟ್ಟಿದ್ದಾರೆ. ಆ ವೈರು ಕಟ್ಟಿದ ಮೇಲೆ ಮೊಗ್ಗು ಜಾಸ್ತಿ ಬಿಡುತ್ತಿದೆಯಂತೆ. ನಾನು ಎಣಿಸಲು ಹೋಗಿಲ್ಲ.