ದೊಡ್ಡ ನಗರಕ್ಕೆ ಹೋಗ್ತೀರಾ? ಟೆಲಿಸ್ಕೋಪ್ ಮಾರಬೇಡಿ

"ಮಹಾನಗರಕ್ಕೆ ಹೋಗ್ತಿದ್ರೆ ಟೆಲಿಸ್ಕೋಪ್ ಮಾರಿಬಿಡಿ, ಅಲ್ಲಿ ಆಕಾಶದಲ್ಲಿ ಏನೂ ಕಾಣಲ್ಲ" ಅನ್ನೋ ಮೆಸೇಜ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ.

ನಗರದ ದೀಪಗಳ ಬೆಳಕಿನಲ್ಲಿ ಕಾಣದೆ ಹೋಗುವುದು ಮಸುಕಾದವು ಮಾತ್ರ. ಆಕಾಶ ಎಷ್ಟು ಕತ್ತಲಿದೆ ಅಂತ ಹೇಳಲು ಅಮೆರಿಕದ ಹವ್ಯಾಸಿ ಆಕಾಶವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ 1ರಿಂದ 9ರವರೆಗಿನ ಅಳತೆ ಕೊಟ್ಟರು: 1 ಅಂದ್ರೆ ಕಗ್ಗತ್ತಲು, 9 ಅಂದ್ರೆ ದೀಪಗಳಿಂದ ಬೆಳಗಿದ ಆಕಾಶ. ನಗರದ ನಡುಭಾಗ 8 ಅಥವಾ 9. ಅಲ್ಲಿ ಕ್ಷೀರಪಥದ ಆಸೆ ಬಿಡಿ, ಅದು ನಷ್ಟವೇ.

ಆದರೆ ಚಂದ್ರ, ಗುರು, ಶನಿ ಬೀದಿದೀಪಕ್ಕೆಲ್ಲ ಜಗ್ಗುವವಲ್ಲ. ಒಂದು ಸಾಧಾರಣ ಬೈನಾಕ್ಯುಲರ್ ಅನ್ನು ಅಲುಗದ ಹಾಗೆ ಟೆರೇಸಿನ ಗೋಡೆ ಮೇಲಿಟ್ಟು ಗುರುವನ್ನು ನೋಡಿ, ಅಕ್ಕಪಕ್ಕದಲ್ಲಿ ಒಂದೇ ಗೆರೆ ಎಳೆದ ಹಾಗೆ ಸಣ್ಣ ಚುಕ್ಕಿಗಳು ಕಾಣುತ್ತವೆ, 1610ರಲ್ಲಿ ಗೆಲಿಲಿಯೋ ಕಂಡ ಅದೇ ಉಪಗ್ರಹಗಳು. ಮರುದಿನ ನೋಡಿದರೆ ಜಾಗ ಬದಲಾಗಿರುತ್ತದೆ! ಶನಿಯ ಬಳೆಗೆ ಚಿಕ್ಕ ಟೆಲಿಸ್ಕೋಪ್ ಸಾಕು.

"ಟೆಲಿಸ್ಕೋಪಿಗೆ ನಗರದ ಬೆಳಕು ಸೋಸುವ ಫಿಲ್ಟರ್ ಹಾಕಿದರೆ ಎಲ್ಲ ಸರಿಹೋಗುತ್ತೆ" ಅನ್ನೋದೂ ಸುಮ್ನೆ ಮಾತು. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಎಲ್ಲ ಬಣ್ಣವೂ ಬೆರೆತಿರುತ್ತದೆ, ಅದನ್ನಷ್ಟೇ ಸೋಸಿ ತೆಗೆಯೋದು ಕಷ್ಟ. ಆ ದುಡ್ಡು ಉಳಿಸಿ. ಬದಲಿಗೆ ಮನೆ ನೋಡುವಾಗ ರಾತ್ರಿ ಒಮ್ಮೆ ಹೋಗಿ, ಬಾಲ್ಕನಿಗೆ ನೇರ ದೀಪ ಹೊಡೆಯುತ್ತಾ, ಟೆರೇಸಿನ ಕೀಲಿ ಬಾಡಿಗೆದಾರರಿಗೂ ಸಿಗುತ್ತಾ ಅಂತ ಕೇಳಿಕೊಳ್ಳಿ. ನಲ್ಲಿ ನೀರು ಹೇಗೂ ಕೇಳ್ತೀರಿ ಅಲ್ವಾ?