ತೊಳೆದಿದ್ರೇನ್ರಿ?

ಗ್ಯಾಸ್ ಒಲೆ ಕೊಳೆಯಿಂದ ಕೆಡುವುದು ಕಡಿಮೆ, ತೊಳೆದು ಕೆಡುವುದೇ ಹೆಚ್ಚು. ವರ್ಷವಿಡೀ ಉಕ್ಕಿದ ಹಾಲು, ಚೆಲ್ಲಿದ ಸಾರು ಎಲ್ಲವನ್ನೂ ನುಂಗಿಕೊಂಡು ತೆಪ್ಪಗೆ ಉರಿದ ಒಲೆಗೆ ಯುಗಾದಿಯ ಹಿಂದಿನ ದಿನ ಅಭ್ಯಂಜನವಾಗುತ್ತದೆ. ಮರುದಿನ ಹೋಳಿಗೆಗೆ ಬೇಳೆ ಇಡುವ ಹೊತ್ತಿಗೆ ಸರಿಯಾಗಿ ಅದು ಮುಷ್ಕರ ಹೂಡುತ್ತದೆ. "ಅಣ್ಣಾ, ಒಲೆ ಹತ್ತವಲ್ದು, ಲಗೂ ಬರ್ರಿ" ಅಂತ ರಿಪೇರಿಯವನಿಗೆ ಫೋನ್.

ದಾವಣಗೆರೆಯ ಅಡುಗೆಮನೆಗೆ ಅದರದೇ ಒಂದು ಕಷ್ಟವಿದೆ, ಬೆಣ್ಣೆ. ದೋಸೆ ಹೋಟೆಲಿನಲ್ಲಿ ಕಟ್ಟಿಗೆ ಒಲೆ ಇದ್ದರೆ ಬೂದಿ ಬಳಿದು ಕೈ ತೊಳೆದುಕೊಂಡರಾಯಿತು. ಮನೆಯಲ್ಲಿ ಅದೇ ಬೆಣ್ಣೆ ಕಾವಲಿಯ ಅಂಚಿನಿಂದ ಇಳಿದು ಸ್ಟ್ಯಾಂಡಿನ ಕಾಲಿಗೆ ಅಂಟುತ್ತದೆ. ಜಿಡ್ಡು ಮತ್ತೆ ಮತ್ತೆ ಕಾದರೆ ಜಿಡ್ಡಾಗಿ ಉಳಿಯುವುದಿಲ್ಲ, ವಾರ್ನಿಷ್ ಆಗುತ್ತದೆ. ಅದನ್ನು ಸ್ಟೀಲ್ ನಾರಿನಿಂದ ತಿಕ್ಕುವವರ ತೋಳು ಸೋಲುತ್ತದೆ, ಕಲೆ ಸೋಲುವುದಿಲ್ಲ. ಮೂರು ಚಮಚ ಅಡುಗೆ ಸೋಡಾಕ್ಕೆ ಒಂದು ಚಮಚ ನೀರು ಹಾಕಿ ಕಲಸಿ, ಬಳಿದು, ಅರ್ಧ ಗಂಟೆ ಬಿಟ್ಟು ಒರೆಸಿ. ಆ ಅರ್ಧ ಗಂಟೆ ಸುಮ್ಮನೆ ಕೂರುವುದೇ ಈ ಕೆಲಸದ ಅತಿ ಕಷ್ಟದ ಭಾಗ.

ಕೂರಲಾರದವರು ಅದರ ಮೇಲೆ ನಿಂಬೆರಸ ಹಿಂಡುತ್ತಾರೆ. ಬುಸ್ಸೆಂದು ನೊರೆ ಏಳುತ್ತದೆ, ಮನೆಮಂದಿಯೆಲ್ಲ ಬಂದು ನೋಡುತ್ತಾರೆ. ಅದು ಕೊಳೆ ಸಾಯುವ ಸದ್ದಲ್ಲ, ಸೋಡಾ ಮತ್ತು ಹುಳಿ ಹೊಡೆದಾಡಿಕೊಂಡು ಎರಡೂ ಸಾಯುವ ಸದ್ದು. ಕೊನೆಗೆ ಉಳಿಯುವುದು ಒಂದು ಥರದ ಉಪ್ಪುನೀರು.

ಹಿತ್ತಾಳೆ ಬರ್ನರಿಗೆ ಹುಣಸೆಹಣ್ಣೇ ಸರಿ. ಒಂದು ಲೀಟರ್ ಬಿಸಿನೀರಿಗೆ ನಿಂಬೆಗಾತ್ರದ ಹುಣಸೆ, ಒಂದು ಚಮಚ ಉಪ್ಪು, ಒಂದು ಗಂಟೆ. ರಾತ್ರಿಯಿಡೀ ನೆನೆಸಿದರೆ ಇನ್ನೂ ಹೊಳೆದೀತು ಎಂಬ ಆಸೆ ಬೇಡ. ಮೇಲ್ಮೈಯ ಸತು ಕರಗಿ ಹಿತ್ತಾಳೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಸೋಡಾ ನೀರಲ್ಲಿ ಮುಳುಗಿಸಬೇಡಿ, ಕಪ್ಪಾಗುತ್ತವೆ. ಅವಕ್ಕೆ ಪಾತ್ರೆ ಸೋಪು ಸಾಕು.

ಇನ್ನು ಸೇಫ್ಟಿ ಪಿನ್ನಿನ ವಿಷಯ. ಬರ್ನರಿನ ತೂತಿಗೆ ತೆಳು ತಂತಿ ಹಾಕಬಹುದು. ಹಲ್ಲುಕಡ್ಡಿ ಬೇಡ, ತುದಿ ಮುರಿದು ಒಳಗೇ ಉಳಿದರೆ ಮುಚ್ಚಿದ ತೂತಿಗೆ ಬಿರಡೆಯೂ ಸಿಕ್ಕಂತೆ. ಆದರೆ ಅದೇ ಹುಮ್ಮಸ್ಸಿನಲ್ಲಿ ಕೆಳಗೆ ಗ್ಯಾಸ್ ಚಿಮ್ಮುವ ಮೂತಿ, ಅಂದರೆ ಜೆಟ್ಟಿಗೆ ಪಿನ್ ಚುಚ್ಚುವವರಿದ್ದಾರಲ್ಲ, ಅವರಿಗೆ ಕೈಮುಗಿಯಬೇಕು. ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು, ಅಳತೆ ಮಾಡಿ ಕೊರೆದದ್ದು. ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಹೆಚ್ಚು ಬರುತ್ತದೆ, ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಮಸಿಯಾಗುತ್ತದೆ. ಸಿಲಿಂಡರಿನ 14.2 ಕೆಜಿಯಲ್ಲಿ ಒಂದು ಪಾಲು ಪಾತ್ರೆಗೆ ಕಾಡಿಗೆ ಹಚ್ಚಲು ಹೋಗುತ್ತದೆ.

ನಾಬ್ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವುದು ಮತ್ತೊಂದು ಮನೆಮದ್ದು. ಎರಡು ದಿನ ಬೆಣ್ಣೆಯಂತೆ ತಿರುಗುತ್ತದೆ, ಮೂರನೆಯ ದಿನ ಎಣ್ಣೆ ಸುಟ್ಟು ಅಂಟಾಗಿ ಮೊದಲಿಗಿಂತ ಬಿಗಿ. ಒಳಗಿನ ಗ್ರೀಸ್ ಬದಲಿಸುವುದು ರಿಪೇರಿಯವನ ಕೆಲಸ. ಗಾಜಿನ ಒಲೆಯವರು ಬಿಸಿ ಆರುವ ಮುಂಚೆ ಒದ್ದೆ ಬಟ್ಟೆ ಹಾಕಬಾರದು. ಆ ಗಾಜು ಬಿರುಕು ಬಿಟ್ಟು ಎಚ್ಚರಿಕೆ ಕೊಡುವ ಜಾತಿಯದಲ್ಲ, ಒಡೆದರೆ ಚೀಲ ಹರಿದ ಮಂಡಕ್ಕಿಯಂತೆ ಇಡೀ ಅಡುಗೆಮನೆ ತುಂಬ ಚೆಲ್ಲುತ್ತದೆ.

ಇದೆಲ್ಲಕ್ಕೂ ಮುಂಚೆ ರೆಗ್ಯುಲೇಟರ್ ಆಫ್ ಮಾಡಿರಬೇಕು. ಕೆಲಸ ಮುಗಿದ ಮೇಲೆ ಅದನ್ನು ಆನ್ ಮಾಡಿ, ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಬೇಕು. ಕಡ್ಡಿ ಗೀರಿ ಪರೀಕ್ಷಿಸುವ ಧೈರ್ಯಶಾಲಿಗಳ ಬಗ್ಗೆ ಇಲ್ಲಿ ತಮಾಷೆ ಮಾಡುವುದಿಲ್ಲ. ಸುರಕ್ಷಾ ಪೈಪಿಗೆ ಐದು ವರ್ಷ ಆಯುಸ್ಸು, ತಾರೀಖು ಅದರ ಮೈಮೇಲೇ ಇರುತ್ತದೆ.

ಬರ್ನರ್ ವಾಪಸ್ ಕೂರಿಸುವಾಗ ನಿಜವಾದ ಆಟ ಶುರು. ದೊಡ್ಡದು, ಚಿಕ್ಕದು ಅದಲುಬದಲಾಗುತ್ತವೆ. ಪ್ರತಿ ಬರ್ನರಿಗೂ ಅದರದೇ ಜೆಟ್ ಇರುವುದರಿಂದ ದೊಡ್ಡ ಜೆಟ್ಟಿನ ಮೇಲೆ ಕೂತ ಚಿಕ್ಕ ಬರ್ನರಿನಲ್ಲಿ ಉರಿ ಹಾರುತ್ತದೆ, ಚಿಕ್ಕ ಜೆಟ್ಟಿನ ಮೇಲಿನ ದೊಡ್ಡದು ಸಿಮ್ ಮಾಡಿದೊಡನೆ ಆರುತ್ತದೆ. ಮೇಲಿನ ಬಿಲ್ಲೆ ವಾರೆಯಾದರೆ ಉರಿ ಒಂದೇ ಕಡೆ, ಒಗ್ಗರಣೆಯಲ್ಲಿ ಅರ್ಧ ಸಾಸಿವೆ ಸೀದು, ಅರ್ಧ ಸಿಡಿಯದೇ ಉಳಿಯುತ್ತದೆ. ಕೊಳವೆಯೊಳಗೆ ನೀರುಳಿದರೆ ಗ್ಯಾಸಿಗೆ ದಾರಿಯಿಲ್ಲದೆ ಉರಿ ಭುಗ್ ಭುಗ್ ಎಂದು ಆರುತ್ತದೆ. ತಲೆಕೆಳಗಾಗಿ ನಿಲ್ಲಿಸಿ ನಾಲ್ಕೈದು ಗಂಟೆ ಬಿಸಿಲಿಗೆ ಇಟ್ಟರೆ ಈ ಕಾಟವಿಲ್ಲ. ದಾವಣಗೆರೆಯಲ್ಲಿ ಬಿಸಿಲಿಗಂತೂ ಬರವಿಲ್ಲ.

ರಿಪೇರಿಯವನು ಬರುತ್ತಾನೆ. ಬರ್ನರ್ ಎತ್ತಿ ಬಗ್ಗಿಸುತ್ತಾನೆ. ಎರಡು ಚಮಚ ಸೋಪಿನ ನೀರು ಬೀಳುತ್ತದೆ.

"ತೊಳೆದಿದ್ರೇನ್ರಿ ಅಮ್ಮಾರೆ?"

"ಇಲ್ಲಪ್ಪ, ಸುಮ್ನೆ ಒರೆಸಿದ್ವಿ ಅಷ್ಟೆ."