ಅಪರೂಪದ ಸಿಹಿನೀರಿನ ಆಮೆಯನ್ನು ಮನೆಯಲ್ಲಿ ಸಾಕಿ ಮರಿ ಮಾಡಿಸಬಹುದೇ?

ಪರ: ಮೊಟ್ಟೆ ಕಾದವರಿಗೆ ಗೊತ್ತು

ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ಕರಕರ ಸದ್ದು. ಹೋಗಿ ನೋಡಿದರೆ ಹೆಣ್ಣು ಆಮೆ ನೀರಿನಿಂದ ಮೇಲೆ ಬಂದು, ಒದ್ದೆ ಮರಳು ತುಂಬಿದ ಡಬ್ಬದಲ್ಲಿ ಹಿಂಗಾಲಿನಿಂದ ಗುಂಡಿ ತೋಡುತ್ತಿತ್ತು. ಈ ರಾತ್ರಿಗಾಗಿ ಆರು ವರ್ಷ ಕಾದಿದ್ದೆ. ಲೈಟ್ ಹಾಕಲಿಲ್ಲ. ಕೆಮ್ಮು ಬಂದರೂ ತಡೆದುಕೊಂಡೆ. ಬೆಳಗಾಗುವ ಹೊತ್ತಿಗೆ ಒಂಬತ್ತು ಮೊಟ್ಟೆ!

ಇದು ರೋಟೆ ದ್ವೀಪದ ಹಾವುಕತ್ತಿನ ಆಮೆ. ರೋಟೆ ಇಂಡೊನೇಷ್ಯಾದ ಪುಟ್ಟ ದ್ವೀಪ. ಆಮೆಯ ಚಿಪ್ಪು ಇಪ್ಪತ್ತು ಸೆಂಟಿಮೀಟರ್ ಆಸುಪಾಸು, ಕತ್ತು ಹತ್ತಿರಹತ್ತಿರ ಅಷ್ಟೇ ಉದ್ದ. ಬೇರೆ ಆಮೆಗಳ ಹಾಗೆ ತಲೆಯನ್ನು ನೇರವಾಗಿ ಒಳಗೆ ಎಳೆದುಕೊಳ್ಳಲು ಇದಕ್ಕೆ ಬರುವುದಿಲ್ಲ. ಕತ್ತನ್ನು ಪಕ್ಕಕ್ಕೆ ಮಡಚಿ ಚಿಪ್ಪಿನ ಅಂಚಿನಡಿ ಇಟ್ಟುಕೊಳ್ಳುತ್ತದೆ. ಸಿಗಡಿ ಎದುರಿಗೆ ಬಂದರೆ ಗಂಟಲನ್ನು ಒಮ್ಮೆಲೇ ಹಿಗ್ಗಿಸಿ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ನೂರು ಸಲ ನೋಡಿದ್ದೇನೆ, ಒಂದು ಸಲವೂ ಕಣ್ಣಿಗೆ ಸರಿಯಾಗಿ ಸಿಕ್ಕಿಲ್ಲ.

ಕಾಡಿನದ್ದು ಕಾಡಿನಲ್ಲೇ ಇರಲಿ ಅನ್ನುತ್ತಾರೆ. ಇರಲಿ, ಯಾರು ಬೇಡ ಅಂದರು? ಆದರೆ ಕಾಡಿನಲ್ಲಿ ಅದು ಇರಬೇಕಲ್ಲ! ಝೌನ ಪೆಟ್ಟಿಗೆ ಆಮೆ ಅಂತ ಒಂದಿದೆ. ಹೊಸ ಪ್ರಭೇದ ಎಂದು ಅದಕ್ಕೆ ಹೆಸರು ಬಿದ್ದದ್ದು 1990ರಲ್ಲಿ, ಅದೂ ಚೀನಾದ ಮಾರುಕಟ್ಟೆಯಲ್ಲಿ ಸಿಕ್ಕ ಆಮೆಗಳನ್ನು ನೋಡಿ. ಅದರ ಹಳ್ಳ ಯಾವುದು, ಕೊಳ ಯಾವುದು ಎಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಲೇ ಇದ್ದಾರೆ. ಅಂಥ ಆಮೆಗೆ ಸದ್ಯ ಉಳಿದಿರುವ ಗಟ್ಟಿ ಆಸರೆ ಅಂದರೆ ತೊಟ್ಟಿ ಮತ್ತು ಅದನ್ನು ತೊಳೆಯುವ ಮನುಷ್ಯ. ಜರ್ಮನಿಯ ಮ್ಯುನ್‌ಸ್ಟರ್ ಮೃಗಾಲಯದಲ್ಲಿ 2003ರಲ್ಲಿ ಆಮೆಗಳಿಗೆಂದೇ ಒಂದು ಸಂರಕ್ಷಣಾ ಕೇಂದ್ರ ಶುರುವಾಯಿತು. ಅದರ ಬುನಾದಿ ಒಬ್ಬ ಹವ್ಯಾಸಿಯ ಸಂಗ್ರಹ. ಹವ್ಯಾಸಿಯದು! ಈ ಮಾತನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಮೊಟ್ಟೆಗೆ ವಾಪಸ್ ಬರೋಣ. ಕೋಳಿ ತನ್ನ ಮೊಟ್ಟೆಗಳನ್ನು ಆಗಾಗ ಉರುಳಿಸುತ್ತದೆ. ಆಮೆಯ ಮೊಟ್ಟೆಯನ್ನು ಹಾಗೆ ಮಾಡಿದಿರೋ, ಕೆಟ್ಟಿತು. ಮೊದಲ ಒಂದೆರಡು ದಿನದಲ್ಲೇ ಭ್ರೂಣ ಮೇಲ್ಗಡೆಯ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಸಾಯಬಹುದು. ಅದಕ್ಕೇ ಗುಂಡಿಯಿಂದ ಎತ್ತುವ ಮೊದಲೇ ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಒಂದರ ಮೇಲೆ ಚುಕ್ಕಿಯ ಬದಲು ಗೆರೆಯೇ ಬಿತ್ತು. ನೀರು ಹಿಡಿದಿಟ್ಟುಕೊಳ್ಳುವ ಹಗುರ ಖನಿಜವಾದ ವರ್ಮಿಕ್ಯುಲೈಟ್‌ಗೆ ಅಷ್ಟೇ ತೂಕದ ನೀರು ಬೆರೆಸಿ, ಡಬ್ಬದಲ್ಲಿ ಅರ್ಧ ಹೂತಿಟ್ಟೆ. ಕೆಲವು ದಿನದಲ್ಲಿ ಚಿಪ್ಪಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಮೂಡಿತು. ಒಳಗೆ ಜೀವ ಬೆಳೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಎಷ್ಟೋ ಜಾತಿಯ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ಕಾವಿನ ಬಿಸಿಯೇ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ತಂಪಿಗೆ ಗಂಡು, ಬಿಸಿಗೆ ಹೆಣ್ಣು. ಹಾವುಕತ್ತಿನವಕ್ಕೆ ಆ ಲೆಕ್ಕ ಇಲ್ಲ. ನಮಗೆ ಒಂದು ತಲೆನೋವು ಕಮ್ಮಿ.

ನಾಲ್ಕು ಮೊಟ್ಟೆ ಕೆಟ್ಟವು. ತೊಂಬತ್ತೇಳನೇ ದಿನ ಐದನೆಯದರಲ್ಲಿ ಸಣ್ಣ ಬಿರುಕು, ಅದರಿಂದ ಒಂದು ಮೂತಿ ಹೊರಗೆ. ಮರಿ ಪೂರ್ತಿ ಈಚೆ ಬರಲು ಎರಡು ದಿನ ತೆಗೆದುಕೊಂಡಿತು. ಹೊಟ್ಟೆಯಡಿ ಉಳಿದ ಹಳದಿಯನ್ನು ಹೀರಿ ಮುಗಿಸುವ ತನಕ ಅದಕ್ಕೆ ಅವಸರವೇ ಇಲ್ಲ. ನಾನು ಎರಡು ದಿನ ಕೆಲಸಕ್ಕೆ ರಜೆ ಹಾಕಿದೆ. ಕಾರಣ ಏನು ಬರೆದೆ ಅಂತ ಮಾತ್ರ ಕೇಳಬೇಡಿ. ಹಿಂದೆಯೇ ಉಳಿದ ನಾಲ್ಕೂ ಬಂದವು. ಮೂರನ್ನು ಬೇರೆ ಸಾಕಣೆದಾರರಿಗೆ ಕೊಟ್ಟೆ, ಎರಡು ನನ್ನಲ್ಲೇ ಇವೆ.

ಕಾಡಿನಿಂದ ಹಿಡಿದು ತಂದು ಮಾರುತ್ತಾರೆ ಅನ್ನುವ ದೂರು ಇದೆ. ಹಿಡಿಯುವವನು ನಾನಲ್ಲ. ನನ್ನ ಜೋಡಿ ತೊಟ್ಟಿಯಲ್ಲೇ ಹುಟ್ಟಿದ್ದು, ಕಾಗದಪತ್ರ ಸರಿಯಾಗಿದೆ. ಆ ಮಾತು ಅಲ್ಲಿಗೆ ಮುಗಿಯಿತು. ಮೊಟ್ಟೆಯ ನೆತ್ತಿ ಯಾವುದು, ಬುಡ ಯಾವುದು ಅಂತ ಗೊತ್ತಿಲ್ಲದವರು ಸಂರಕ್ಷಣೆಯ ಪಾಠ ಹೇಳಿದಾಗ ನಾನು ಸುಮ್ನೆ ಫಿಲ್ಟರ್ ತೊಳೆಯಲು ಎದ್ದು ಹೋಗುತ್ತೇನೆ.

ವಿರೋಧ: ಕೊನೆಗೆ ನೋಡಿಕೊಳ್ಳುವವರು ಯಾರು?

ವಿರೋಧದ ಕಡೆಗೆ ಬೇರೆ ಯಾರೂ ಸಿಗಲಿಲ್ಲವಂತೆ, ನನಗೆ ವಹಿಸಿದರು. ಮೇಲಿನದನ್ನು ಓದಿದ ಮೇಲೆ ನನಗೂ ಆ ಮರಿ ನೋಡುವ ಆಸೆ ಆಗಿದೆ. ಇರಲಿ, ಒಪ್ಪಿಕೊಂಡ ಕೆಲಸ ಮಾಡಲೇಬೇಕಲ್ಲ.

ಮೊದಲು ಮಾಮೂಲಿ ಕಾರಣಗಳು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಆಮೆ ಹರಡುತ್ತದೆ. ಮಕ್ಕಳು ಕಾಯಿಲೆ ಬೀಳುತ್ತಿದ್ದರು ಅಂತ ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿದರು. ಕೈ ತೊಳೆದುಕೊಂಡರೆ ಸಾಕು ಅನ್ನುತ್ತೀರಿ. ಸರಿ, ತೊಳೆದುಕೊಳ್ಳಿ.

ಇನ್ನು ರೋಟೆಯ ವಿಷಯ. ಆ ಆಮೆಯನ್ನು ಬೇರೆಯೇ ಪ್ರಭೇದ ಎಂದು ಗುರುತಿಸಿ ಹೆಸರಿಟ್ಟದ್ದು 1994ರಲ್ಲಿ. ಹೆಸರು ಬಿದ್ದದ್ದೇ ತಡ, ಸಂಗ್ರಹಕಾರರಿಂದ ಬೇಡಿಕೆ ಏರಿತು. ದ್ವೀಪದ ಕೆರೆಗಳಿಂದ ಬಾಚಿ ಬಾಚಿ ತೆಗೆದರು. 2004ರಲ್ಲಿ ಅದು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಪಟ್ಟಿಗೆ ಸೇರುವ ಹೊತ್ತಿಗೆ ಹಿಡಿಯಲು ಹೆಚ್ಚೇನೂ ಉಳಿದಿರಲಿಲ್ಲ. ಖಾಲಿ ಮಾಡಿದ್ದು ಸಾಕುವ ಹವ್ಯಾಸ. ಈಗ ಅದೇ ಹವ್ಯಾಸ ಉಳಿಸಿದ ಬಿರುದು ಕೇಳುತ್ತಿದೆ. ಮೇಲೆ ಬರೆದವರ ಜೋಡಿ ತೊಟ್ಟಿಯಲ್ಲೇ ಹುಟ್ಟಿರಬಹುದು. ಅದರ ಅಜ್ಜ ಅಜ್ಜಿ ಎಲ್ಲಿಂದ ಬಂದರು? ಆಮೆ ನಿಧಾನಕ್ಕೆ ಬೆಳೆಯುವ ಪ್ರಾಣಿ. ದೊಡ್ಡ ಹೆಣ್ಣೊಂದನ್ನು ಎತ್ತಿಕೊಂಡು ಹೋದರೆ ಮುಂದಿನ ಎಷ್ಟೋ ವರ್ಷದ ಮೊಟ್ಟೆಗಳೂ ಅದರ ಜೊತೆ ಹೋದ ಹಾಗೆ.

ತಳಿ ಕಲಬೆರಕೆಯೂ ಆಗುತ್ತದೆ. 1991ರಲ್ಲಿ ಚೀನಾದ್ದೆಂದು ಒಂದು ಹೊಸ ಆಮೆಗೆ ವೈಜ್ಞಾನಿಕ ಹೆಸರನ್ನೂ ಇಟ್ಟರು. ಆಮೇಲೆ ವಂಶವಾಹಿ ಪರೀಕ್ಷೆ ಮಾಡಿದರೆ ಅದು ಎರಡು ಬೇರೆ ಬೇರೆ ಆಮೆಗಳ ಮಿಶ್ರತಳಿ! ಸಾಕಣೆ ಕೇಂದ್ರಗಳಲ್ಲಿ ಅಂಥವು ಹುಟ್ಟುತ್ತಿದ್ದವು. ತೊಟ್ಟಿಯಲ್ಲಿ ಏನೋ ಹುಟ್ಟಿತು ಅಂದ ಮಾತ್ರಕ್ಕೆ ಒಂದು ಪ್ರಭೇದ ಉಳಿಯಿತು ಅಂತ ಹಿಗ್ಗುವವರು ಇದನ್ನೂ ಓದಲಿ. ಪ್ಲಾಸ್ಟಿಕ್ ಡಬ್ಬ ಜೋಡಿಸಿಟ್ಟುಕೊಂಡು ಪ್ರಳಯದಲ್ಲಿ ಜೀವಿಗಳನ್ನು ಉಳಿಸುವ ದೋಣಿಯೇ ತಮ್ಮದು ಅನ್ನುವ ಹಾಗೆ ಮಾತಾಡುತ್ತಾರೆ.

ಇವೆಲ್ಲ ಓದಿ ತಿಳಿದದ್ದು. ನನಗೆ ನೇರವಾಗಿ ಗೊತ್ತಿರುವುದು ಒಂದೇ ಆಮೆ, ಅದೂ ಅಪರೂಪದ್ದಲ್ಲ. ಅಣ್ಣ ಮನೆ ಬದಲಿಸುವಾಗ "ಎರಡು ತಿಂಗಳು ನೋಡ್ಕೋ" ಅಂತ ಒಂದು ಕೆಂಪುಕಿವಿ ಆಮೆಯನ್ನು ನನ್ನ ಬಳಿ ಬಿಟ್ಟು ಹೋದ. ಹನ್ನೊಂದು ವರ್ಷವಾಯಿತು. ಬಂದಾಗ ಅಂಗೈಯಷ್ಟಿತ್ತು, ಈಗ ಊಟದ ತಟ್ಟೆಯಷ್ಟಿದೆ. ಮೊದಲ ವರ್ಷ ಬರೀ ಒಣ ಸಿಗಡಿ ಹಾಕಿದೆ, ಕಣ್ಣು ಊದಿ ಮುಚ್ಚಿಕೊಂಡಿತು. ಎ ಜೀವಸತ್ವ ಸಾಲದು ಅಂದರು ಪಶುವೈದ್ಯರು. ಕೆರೆಗೆ ಬಿಟ್ಟುಬಿಡು ಅನ್ನುವವರು ಬಹಳ ಜನ. ಬಿಡುವ ಹಾಗಿಲ್ಲ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ, ಹೋದ ಕಡೆ ಅಲ್ಲಿನ ಆಮೆಗಳ ಜಾಗ ಕಿತ್ತುಕೊಳ್ಳುತ್ತದೆ. ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಬದುಕಬಹುದಂತೆ. ನನ್ನ ವಯಸ್ಸು ಐವತ್ತೆಂಟು. ಅಣ್ಣನಿಗೆ ಫೋನ್ ಮಾಡಿದಾಗಲೆಲ್ಲ ಅವನು ಮೊದಲು ಕೇಳುವುದು ಆಮೆ ಹೇಗಿದೆ ಅಂತ. ವಾಪಸ್ ಯಾವಾಗ ಕರೆದುಕೊಂಡು ಹೋಗ್ತೀಯ ಅಂದರೆ ಲೈನ್ ಸರಿ ಇಲ್ಲ ಅನ್ನುತ್ತಾನೆ.